ಚಪಲಾಳ ಚೀಲ

ಶನಿವಾರ ರಾತ್ರಿ ಹತ್ತು ಹೊಡೆದರೂ ಅಪ್ಪನ ಅಂಗಡಿಯ ಶಟರ್ ಇಳಿಯುತ್ತಿರಲಿಲ್ಲ. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ನಮ್ಮದೊಂದು ಟಿವಿ ರಿಪೇರಿ ಅಂಗಡಿ. 1994, 95ರ ಮಾತು. ವಿಜಯಪುರಕ್ಕೆ ಆಗಿನ್ನೂ ಬಿಜಾಪುರ ಅಂತಲೇ ಹೆಸರು. ಶನಿವಾರ ಬಂತೆಂದರೆ ಜನ ಟಿವಿಯನ್ನು ಚಾದರದಲ್ಲಿ ಗಂಟು ಕಟ್ಟಿ, ಸೈಕಲ್ ಕ್ಯಾರಿಯರ್ ಮೇಲಿಟ್ಟು, ಒಬ್ಬ ಹಿಡಿದುಕೊಂಡು ಒಬ್ಬ ದಬ್ಬಿಕೊಂಡು ತರುತ್ತಿದ್ದರು. ಎಲ್ಲರದೂ ಒಂದೇ ಮಾತು: "ಏನರೆ ಮಾಡ್ರಿ, ನಾಳೆ ಮುಂಜಾನಿಗೆ ಚಿತ್ರ ಬರಬೇಕು ನೋಡ್ರಿ."

ನಾಳೆ ಅಂದರೆ ರವಿವಾರ. ರವಿವಾರ ಬೆಳಿಗ್ಗೆ ದೂರದರ್ಶನದಲ್ಲಿ ‘ಚಂದ್ರಕಾಂತಾ’ ಅನ್ನುವ ಹಿಂದಿ ಧಾರಾವಾಹಿ.

ಅದರ ಹೊಸ ರೂಪ 2017ರಲ್ಲಿ ಬಂತು. ಒಂದಲ್ಲ, ಒಂದೇ ವರ್ಷದಲ್ಲಿ ಎರಡು ವಾಹಿನಿಗಳಲ್ಲಿ ಎರಡು ಬಂದವು. ಮೊದಲನೆಯದು ಕೆಲವೇ ತಿಂಗಳು ನಡೆದು ನಿಂತಿತು. ಎರಡನೆಯದು ಜೂನ್‌ನಲ್ಲಿ ಶುರುವಾಗಿ ಮುಂದಿನ ವರ್ಷದವರೆಗೂ ಓಡಿತು. ನಾನು ಬರೆಯುತ್ತಿರುವುದು ಈ ಎರಡನೆಯದರ ಬಗ್ಗೆ. ಆಗ ನಾಲ್ಕಾರು ಕಂತು ನೋಡಿ ಬಿಟ್ಟಿದ್ದೆ. ಈ ಬೇಸಿಗೆ ರಜೆಯಲ್ಲಿ ಮಗಳು "ಅಪ್ಪಾಜಿ, ನೀ ಯಾವಾಗಲೂ ಹೇಳ್ತೀಯಲ್ಲ ಆ ಚಂದ್ರಕಾಂತಾ, ತೋರಿಸು" ಅಂದಳು. ಹೊಸದರಿಂದ ಶುರು ಮಾಡೋಣ, ಅವಳ ಕಾಲದ್ದು, ಚಿತ್ರವಾದರೂ ಚೊಕ್ಕ ಇರುತ್ತದೆ ಅಂದುಕೊಂಡೆ. ಇಬ್ಬರೂ ದಿನಾ ರಾತ್ರಿ ಊಟ ಆದಮೇಲೆ ಕೂತು ನೋಡಿದೆವು. ನನಗೆ ತುಂಬಾ ಬೇಜಾರಾಯಿತು. ಯಾಕೆ ಅಂತ ಹೇಳಬೇಕಾದರೆ ಹಳೆಯದರಲ್ಲಿ ಏನಿತ್ತು ಅನ್ನುವುದನ್ನು ಮೊದಲು ಹೇಳಬೇಕು.

ನೌಗಢ, ವಿಜಯಗಢ ಅಂತ ಎರಡು ರಾಜ್ಯ. ಇಲ್ಲಿನ ರಾಜಕುಮಾರ ವೀರೇಂದ್ರ, ಅಲ್ಲಿನ ರಾಜಕುಮಾರಿ ಚಂದ್ರಕಾಂತಾ. ಇಬ್ಬರಿಗೂ ಪ್ರೀತಿ, ಮನೆತನಗಳಿಗೆ ಜಗಳ. ನಡುವೆ ವಿಜಯಗಢದ ದಿವಾನನ ಮಗ ಕ್ರೂರ್ ಸಿಂಗ್. ಅವನಿಗೂ ಚಂದ್ರಕಾಂತಾಳೇ ಬೇಕು. ಆಚೆಗೆ ಚುನಾರ್‌ಗಢದ ರಾಜ ಶಿವದತ್ತ, ಅವನಿಗೂ ಅವಳೇ ಬೇಕು. ಕತೆ ಇಷ್ಟೇ. ನಮ್ಮನ್ನು ಹಿಡಿದು ಕೂರಿಸಿದ್ದು ಈ ಪ್ರೀತಿ ಅಲ್ಲ, ಅಯ್ಯಾರರು.

ಅಯ್ಯಾರ ಅಂದರೆ ರಾಜನ ಗುಪ್ತಚರ. ಆದರೆ ಬರೀ ಗುಪ್ತಚರ ಅಲ್ಲ. ಮುಖ ಬದಲಿಸುತ್ತಾನೆ, ದನಿ ಬದಲಿಸುತ್ತಾನೆ, ಔಷಧಿ ಗೊತ್ತು, ಹಾಡಲು ಬರುತ್ತದೆ, ಓಡುವುದರಲ್ಲಿ ಎತ್ತಿದ ಕೈ. ಸೊಂಟದಲ್ಲಿ ಒಂದು ಚೀಲ, ಅದಕ್ಕೆ ಬಟುವಾ ಅನ್ನುತ್ತಾರೆ. ಅದರಲ್ಲಿ ಬಣ್ಣ, ಬೇರು, ಮೂರ್ಛೆ ಬರಿಸುವ ಪುಡಿ, ಮೂರ್ಛೆ ಬಿದ್ದವರನ್ನು ಎಬ್ಬಿಸಲು ಮೂಸಿಸುವ ಲಖ್‌ಲಖಾ. ಜೊತೆಗೆ ಗೋಡೆ ಏರಲು ಕಮಂದ್ ಎಂಬ ಹಗ್ಗ. ವೈರಿಯನ್ನು ಕೊಲ್ಲುವುದಿಲ್ಲ. ಪುಡಿ ಮೂಸಿಸಿ, ಚಾದರದಲ್ಲಿ ಗಂಟು ಕಟ್ಟಿ, ಬೆನ್ನ ಮೇಲೆ ಹಾಕಿಕೊಂಡು ರಾತ್ರೋರಾತ್ರಿ ನಡೆದುಬಿಡುತ್ತಾನೆ.

ಇದನ್ನೆಲ್ಲ ನಮಗೆ ಬಿಡಿಸಿ ಹೇಳಿದವರು ಪಕ್ಕದ ಮನೆಯ ಚಾಚಾ. ಅವರು ಮೂಲ ಕಾದಂಬರಿಯನ್ನೇ ಓದಿದ್ದರು. ದೇವಕೀನಂದನ ಖತ್ರಿ ಬರೆದ ‘ಚಂದ್ರಕಾಂತಾ’ 1888ರದ್ದು. ಅದನ್ನು ಓದಲಿಕ್ಕೆಂದೇ ಎಷ್ಟೋ ಜನ ದೇವನಾಗರಿ ಕಲಿತರು ಅಂತ ಹೇಳುತ್ತಾರೆ. ಖತ್ರಿಯವರು ಚಕಿಯಾ, ನೌಗಢ ಕಡೆಯ ಕಾಡುಗಳ ಗುತ್ತಿಗೆ ಹಿಡಿದವರು. ಕಾಡು, ಗುಹೆ, ಪಾಳುಬಿದ್ದ ಕೋಟೆ ಎಲ್ಲ ಸುತ್ತಿ ಬಂದವರು. ಟಿವಿ ಮುಗಿದ ಮೇಲೆ ಚಾಚಾ ಕಟ್ಟೆಯ ಮೇಲೆ ಕೂತು, "ಬೇಟಾ, ಟಿವಿಯಾಗ ಹಿಂಗ ತೋರಿಸ್ಯಾರ, ಕಿತಾಬಿನಾಗ ಬ್ಯಾರೆನೇ ಐತಿ" ಅಂತ ಶುರು ಮಾಡುತ್ತಿದ್ದರು. ಅವ್ವ ಅವರಿಗೂ ಒಂದು ತಟ್ಟೆ ಸೂಸಲಾ ಕೊಡುತ್ತಿದ್ದಳು. ಅವ್ವನಿಗೆ ಹಿಂದಿ ಬರುತ್ತಿರಲಿಲ್ಲ. ಆದರೆ ಊರಲ್ಲಿ ದಖ್ಖನಿ ಮಾತು ಕಿವಿಗೆ ಬಿದ್ದೂ ಬಿದ್ದೂ ಅರ್ಧ ತಿಳಿಯುತ್ತಿತ್ತು. ಉಳಿದರ್ಧ ಚಾಚಾ.

ಅಪ್ಪ ನೋಡುತ್ತಿದ್ದದ್ದು ಬೇರೆ ಕಾರಣಕ್ಕೆ. ವೀರೇಂದ್ರನ ಪಾತ್ರ ಮಾಡಿದ ಶಾಹಬಾಜ್ ಖಾನ್ ಹಿಂದೂಸ್ತಾನಿ ಗಾಯಕ ಉಸ್ತಾದ್ ಅಮೀರ್ ಖಾನರ ಮಗ. ಅಪ್ಪನಿಗೆ ಆ ಉಸ್ತಾದರ ವಿಲಂಬಿತ ಖ್ಯಾಲ್ ಅಂದರೆ ಪ್ರಾಣ. "ಆ ಮನಿ ಹುಡುಗ ನೋಡ" ಅಂತ ಪ್ರತಿ ವಾರ ಹೇಳುತ್ತಿದ್ದರು, ಹೋದ ವಾರ ಹೇಳಿಲ್ಲವೇನೋ ಅನ್ನುವ ಹಾಗೆ.

ಕರೆಂಟಿನದೇ ದೊಡ್ಡ ಚಿಂತೆ. ಒಂದು ರವಿವಾರ ಅಂಗಡಿ ಮುಂದೆ ಮೂವತ್ತು ಜನ ಇದ್ದರು. ಶುರುವಾಗಿ ಐದು ನಿಮಿಷಕ್ಕೆ ಲೈಟ್ ಹೋಯಿತು. ಹಳ್ಳಿಯಿಂದ ಸಂತೆಗೆ ಬಂದಿದ್ದ ಒಬ್ಬ ರೈತರು ಒಂದು ಮಾತೂ ಆಡಲಿಲ್ಲ. ತಮ್ಮ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ಎತ್ತಿಕೊಂಡು ಬಂದರು. 14 ಇಂಚಿನ ಕಪ್ಪು-ಬಿಳುಪು ಪೋರ್ಟೆಬಲ್ ಟಿವಿ 12 ವೋಲ್ಟ್ ಬ್ಯಾಟರಿಯಲ್ಲೂ ನಡೆಯುತ್ತದೆ. ಅಪ್ಪ ಕೆಂಪು ಕ್ಲಿಪ್ ಪ್ಲಸ್‌ಗೆ, ಕಪ್ಪು ಕ್ಲಿಪ್ ಮೈನಸ್‌ಗೆ ಕಚ್ಚಿಸಿದರು. ಎಲ್ಲರೂ ಉಸಿರು ಬಿಗಿಹಿಡಿದರು. ಪಿಕ್ಚರ್ ಟ್ಯೂಬ್ ಬಿಸಿಯಾಗಲು ಸ್ವಲ್ಪ ಹೊತ್ತು ಬೇಕು. ಮೊದಲು ಶಬ್ದ ಬಂತು. ಆಮೇಲೆ ಮಂಜು ಮಂಜಾಗಿ ಬೆಳಕು. ಅದರೊಳಗಿಂದ ನಿಧಾನ ಮೇಲೆ ಬಂದದ್ದು ಎರಡು ಹುಬ್ಬು! ಹಣೆಯ ಕಡೆ ಕೊಂಬಿನಂತೆ ಎದ್ದ ಕ್ರೂರ್ ಸಿಂಗ್‌ನ ಹುಬ್ಬು. ಮೂವತ್ತೂ ಜನ ಒಟ್ಟಿಗೆ "ಯಕ್ಕೂ!" ಅಂದರು. ಅದು ಅವನ ಮಾತು. ಅಖಿಲೇಂದ್ರ ಮಿಶ್ರಾ ಆ ಒಂದು ಶಬ್ದವನ್ನು ಹೇಗೆ ಹೇಳುತ್ತಿದ್ದರೆಂದರೆ, ಮರುದಿನ ಶಾಲೆಯಲ್ಲಿ ಹಾಜರಿ ಕರೆದರೂ ಹುಡುಗರು "ಯಕ್ಕೂ" ಅನ್ನುತ್ತಿದ್ದರು.

ನಮಗೆ ಇನ್ನೊಂದು ಭಾಗ್ಯ ಇತ್ತು. ತಿಲಿಸ್ಮ್ ನೋಡಲು ಬೇರೆಯವರು ಟಿವಿ ನೋಡಬೇಕಿತ್ತು, ನಾವು ಮನೆಯಿಂದ ಹೊರಗೆ ಬಂದರೆ ಸಾಕಿತ್ತು. ತಿಲಿಸ್ಮ್ ಅಂದರೆ ಗುಟ್ಟಿನ ಕಟ್ಟಡ. ಒಳಗೆ ಹೋದವರು ಸಿಕ್ಕಿಹಾಕಿಕೊಳ್ಳುತ್ತಾರೆ. ಅದನ್ನು ಕಟ್ಟಿದವರು ಬಿಡಿಸುವ ದಾರಿಯನ್ನೂ ಎಲ್ಲೋ ಬರೆದಿಟ್ಟಿರುತ್ತಾರೆ. ಉಪಲಿ ಬುರುಜಿನ ಮೆಟ್ಟಿಲು ಗೋಡೆಯ ಹೊರಗಿನಿಂದ ಸುತ್ತಿಕೊಂಡು ಹೋಗುತ್ತವೆ. ಅದು ನಮ್ಮ ಚುನಾರ್‌ಗಢ. ಬಾರಾಕಮಾನಿನ ಕಮಾನುಗಳ ನಡುವೆ ನಮ್ಮ ಕಾಡು. ಗೋಳಗುಮ್ಮಟದ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ, ಸುಮಾರು 38 ಮೀಟರ್ ಅಗಲದ ಗುಮ್ಮಟದ ಆಚೆ ಬದಿಗೆ ಕಿವಿಯಿಟ್ಟವರಿಗೆ ಕೇಳುತ್ತದೆ. ಅಲ್ಲಿ ನಾವು ಗುಪ್ತ ಸಂದೇಶ ಕಳಿಸುತ್ತಿದ್ದೆವು.

ಚಾಚಾ ಹೇಳಿದ ಕಾದಂಬರಿಯಲ್ಲಿ ಒಂದು ಕಲ್ಲಿನ ಬಕ ಪಕ್ಷಿ ಇದೆ. ಹತ್ತಿರ ಹೋದರೆ ಬಾಯಿ ತೆರೆದು ಮನುಷ್ಯರನ್ನೇ ನುಂಗಿಬಿಡುತ್ತದೆ. ಚಂದ್ರಕಾಂತಾಳ ಸಖಿ ಚಪಲಾಳನ್ನು ನುಂಗುತ್ತದೆ, ಚಂದ್ರಕಾಂತಾಳನ್ನೂ ನುಂಗುತ್ತದೆ. ಅದನ್ನು ಕೇಳಿದ ದಿನ ನಾವು ಮಲಿಕ್-ಎ-ಮೈದಾನ್ ತೋಪಿನ ಹತ್ತಿರ ಓಡಿದೆವು. 1549ರಲ್ಲಿ ಎರಕ ಹೊಯ್ದ, 55 ಟನ್ ತೂಕದ ತೋಪು. ಬಾಯಿ ಸಿಂಹದ್ದು, ಹಲ್ಲಿನ ನಡುವೆ ಆನೆ. ಅಕ್ಕ ನನ್ನ ಕೈಯನ್ನು ಅದರ ಬಾಯೊಳಗೆ ಹಾಕಿಸಿ "ನುಂಗಾಕತ್ತೈತೇನು?" ಅಂತ ಕೇಳಿದಳು. ಮಟಮಟ ಮಧ್ಯಾಹ್ನ ಬಿಸಿಲಲ್ಲೂ ಆ ಲೋಹ ತಣ್ಣಗಿತ್ತು. ನಾನು ಅತ್ತುಬಿಟ್ಟೆ.

ಆಟದಲ್ಲಿ ಅಕ್ಕ ಯಾವಾಗಲೂ ಚಪಲಾ. ಚಪಲಾ ಬರೀ ಸಖಿ ಅಲ್ಲ, ಅವಳೂ ಅಯ್ಯಾರಳೇ. ರಾಜಕುಮಾರಿ ಆಗಲು ಓಣಿಯ ಎಲ್ಲ ಹುಡುಗಿಯರೂ ತಯಾರಿದ್ದರು, ಅಕ್ಕ ಮಾತ್ರ ಒಲ್ಲೆ ಅಂದಳು. ಅವ್ವನ ಹಳೇ ಕುಪ್ಪಸದ ಬಟ್ಟೆಯಲ್ಲಿ ಒಂದು ಚೀಲ ಹೊಲಿದುಕೊಂಡಳು. ಕರಟ ಸುಟ್ಟ ಮಸಿ ಒಂದು ಡಬ್ಬಿಯಲ್ಲಿ, ಕುಂಕುಮ ಒಂದರಲ್ಲಿ, ಮೂರ್ಛೆಯ ಪುಡಿ ಅಂತ ಅಂಗಾರ ಒಂದರಲ್ಲಿ. ಅಪ್ಪನ ಅಂಗಡಿಯಿಂದ ತಂದ ಸುಟ್ಟುಹೋದ ಎರಡು ಕೆಪಾಸಿಟರ್. ಅವು ಏನಕ್ಕೆ ಅಂತ ಈಗಲೂ ಹೇಳುವುದಿಲ್ಲ. ನನ್ನನ್ನು ಟಿವಿ ಸುತ್ತುವ ಚಾದರದಲ್ಲೇ ಗಂಟು ಕಟ್ಟಿ ಹೊತ್ತುಕೊಂಡು ಹೋಗುತ್ತಿದ್ದಳು. ಹದಿಮೂರು ವರ್ಷದ ಹುಡುಗಿ, ಹತ್ತು ವರ್ಷದ ತಮ್ಮನನ್ನು ಓಣಿಯ ಆ ತುದಿವರೆಗೆ.

1996ರಲ್ಲಿ ಧಾರಾವಾಹಿ ನಿಂತುಹೋಯಿತು. ಪ್ರಸಾರದಿಂದ ತೆಗೆದರು. ಅದನ್ನು ಮಾಡಿದವರು ಕೋರ್ಟಿಗೆ ಹೋದರು. ಇದೆಲ್ಲ ನಮಗೆ ಎಷ್ಟೋ ವರ್ಷಗಳ ನಂತರ ಗೊತ್ತಾದದ್ದು. ಆಗ ಗೊತ್ತಿದ್ದದ್ದು ಇಷ್ಟೇ: ರವಿವಾರ ಟಿವಿ ಹಚ್ಚಿದರೆ ಅದು ಬರಲಿಲ್ಲ. ನಮ್ಮ ಆಂಟೆನಾ ತಿರುಗಿರಬೇಕು ಅಂತ ನಾನು ಮಾಳಿಗೆ ಹತ್ತಿ ತಿರುಗಿಸಿದೆ. ಮುಂದಿನ ವಾರವೂ ಅಷ್ಟೇ. ಜನ ಅಂಗಡಿಗೆ ಬಂದು ಅಪ್ಪನನ್ನೇ ಕೇಳಿದರು, "ಯಾಕ್ರಿ, ಚಂದ್ರಕಾಂತಾ ಯಾಕ ಬರವಲ್ದು?" ಅಪ್ಪ ಬೂಸ್ಟರ್ ರಿಪೇರಿ ಮಾಡಬಲ್ಲವರು, ಅದಕ್ಕೆ ಏನು ಮಾಡಿಯಾರು? ಚಾಚಾನಿಗೆ ಟಿವಿಯ ಕತೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವ ಕುತೂಹಲ ಕೊನೆವರೆಗೂ ಇತ್ತು. 2003ರಲ್ಲಿ ತೀರಿಕೊಂಡರು.

ಹಾಗಾಗಿ ಹೊಸದು ಬರುತ್ತದೆ ಅಂದಾಗ ನನಗೆ ಎಷ್ಟು ಆಸೆ ಇತ್ತು ಅಂತ ಹೇಳಲಾರೆ.

ಚೆನ್ನಾಗಿರುವುದನ್ನು ಮೊದಲು ಹೇಳುತ್ತೇನೆ. ಬಟ್ಟೆ, ಒಡವೆ ಚಂದ ಇವೆ. ಚಿತ್ರ ಸ್ಫಟಿಕದ ಹಾಗಿದೆ. ಇರಾವತಿ ರಾಣಿಯಾಗಿ ಊರ್ವಶಿ ಧೋಲಾಕಿಯಾ ಬಂದು ನಿಂತರೆ ಪರದೆ ತುಂಬುತ್ತದೆ. ಕಣ್ಣು ಒಂದಿಷ್ಟು ಕಿರಿದು ಮಾಡಿದರೆ ಸಾಕು, ನಮಗೆ ಎದೆ ಝಲ್ ಅನ್ನುತ್ತದೆ. ಮಗಳಿಗೂ ಅವರೇ ಇಷ್ಟ ಆದರು.

ಉಳಿದದ್ದು ನನಗೆ ಒಪ್ಪಿಗೆ ಆಗಲಿಲ್ಲ. ಕತೆ ಬದಲಿಸಿದ್ದಾರೆ, ಅದಕ್ಕೆ ನನ್ನ ತಕರಾರಿಲ್ಲ. ಕಾದಂಬರಿಯಲ್ಲಿ ವೀರೇಂದ್ರ ನೌಗಢದ ರಾಜ ಸುರೇಂದ್ರಸಿಂಹನ ಮಗ. ಇಲ್ಲಿ ಅವನು ಇರಾವತಿಯ ಮಗನಾಗಿ ಬೆಳೆಯುತ್ತಾನೆ. ಆಗಲಿ. ಹಳೆಯದೂ ಪುಸ್ತಕವನ್ನು ಎಲ್ಲೆಲ್ಲಿಗೋ ಒಯ್ದಿತ್ತು. ನಾಗಿಣಿ ಬಂದಳು, ಮಾಯೆ ಬಂತು, ಕೊನೆಕೊನೆಗೆ ಎಳೆದದ್ದೂ ಹೌದು, ಹೋದ ವಾರದ್ದನ್ನೇ ಮತ್ತೆ ಜಾಸ್ತಿ ಹೊತ್ತು ತೋರಿಸುತ್ತಿದ್ದದ್ದೂ ಹೌದು. ಚಾಚಾ ಇದಕ್ಕೆ ಬೈಯುತ್ತಲೇ ನೋಡುತ್ತಿದ್ದರು.

ನನಗೆ ನೋವಾದದ್ದು ಕೈಕೆಲಸ ಹೋದದ್ದಕ್ಕೆ.

ಹೊಸದರಲ್ಲಿ ಏನೇ ನಡೆಯಲಿ, ಬೆಳಕು ಬರುತ್ತದೆ, ಹೊಗೆ ಬರುತ್ತದೆ, ಜೋರಾಗಿ ಸಂಗೀತ ಬರುತ್ತದೆ, ಕೆಲಸ ಆಗಿಬಿಡುತ್ತದೆ. ಎಲ್ಲ ಕಂಪ್ಯೂಟರಿನಲ್ಲಿ ಬರೆದ ಮಾಯೆ. ಯಾರೂ ಬೆವರುವುದಿಲ್ಲ. ಆಮೇಲೆ ಕ್ಯಾಮೆರಾ ಒಬ್ಬೊಬ್ಬರ ಮುಖದ ಮೇಲೂ ಹೋಗಿ ನಿಲ್ಲುತ್ತದೆ. ಅತ್ತೆ-ಸೊಸೆ ಧಾರಾವಾಹಿಗೆ ಕಿರೀಟ ಹಾಕಿದ ಹಾಗೆ. ಮೂರನೇ ರಾತ್ರಿಯೋ ನಾಲ್ಕನೆಯದೋ, ಮಗಳು ಪರದೆಯಿಂದ ಕಣ್ಣು ತೆಗೆದು ನನ್ನನ್ನು ಕೇಳಿದಳು: "ಅಪ್ಪಾಜಿ, ಈಗ ಇದು ಹೆಂಗಾತು?" ನಾನು ಹೇಳಬೇಕು ಅಂದುಕೊಂಡೆ, ಹೇಳಲಿಕ್ಕೆ ಏನೂ ಇರಲಿಲ್ಲ. "ಮಾಯಾ ಅವ್ವಾ" ಅಂದೆ. "ಹೌದಾ" ಅಂದು ಫೋನ್ ತೆಗೆದುಕೊಂಡಳು.

ಈ ‘ಹೆಂಗಾತು’ ಅನ್ನುವ ಪ್ರಶ್ನೆಯೇ ಚಂದ್ರಕಾಂತಾದ ಜೀವ ಅಲ್ವಾ? ನಾನು ಇಪ್ಪತ್ತು ವರ್ಷದಿಂದ ಅಪ್ಪನ ಅದೇ ಅಂಗಡಿ ನಡೆಸುತ್ತಿದ್ದೇನೆ. ಈ ಕೆಲಸಕ್ಕೆ ನನ್ನನ್ನು ಎಳೆದದ್ದು ಅರ್ಧ ಅಪ್ಪ, ಅರ್ಧ ಆ ಧಾರಾವಾಹಿ. ಖತ್ರಿಯವರ ತಿಲಿಸ್ಮ್ ಮಂತ್ರದಿಂದ ಆದದ್ದಲ್ಲ. ಅದು ಯಂತ್ರ. ಎಲ್ಲೋ ಒಂದು ಕೀಲಿ, ಎಲ್ಲೋ ಒಂದು ಸರಪಳಿ, ಕಾಲಿಟ್ಟರೆ ಕುಸಿಯುವ ಒಂದು ಹಾಸುಗಲ್ಲು. ವೀರೇಂದ್ರ ಅದನ್ನು ಒಡೆಯುವುದು ತೋಳ್ಬಲದಿಂದಲ್ಲ. ಅಲ್ಲೇ ಸಿಕ್ಕ ಪುಸ್ತಕ ಓದಿ, ಅದು ಹೇಳಿದ ಹಾಗೆ ಒಂದೊಂದೇ ಹೆಜ್ಜೆ ಇಟ್ಟು. ಸರ್ಕ್ಯೂಟ್ ಚಿತ್ರ ಮುಂದಿಟ್ಟುಕೊಂಡು ಕೂತ ಹಾಗೆ. ಮೊದಲ ಬಾರಿ ಅಪ್ಪ ನನ್ನ ಕೈಗೆ ಮೀಟರ್ ಕೊಟ್ಟು "ಎಲ್ಲಿ ಸಪ್ಲೈ ನಿಂತೈತಿ ಹುಡುಕು" ಅಂದಾಗ ನನ್ನ ತಲೆಯಲ್ಲಿ ಇದ್ದದ್ದು ತಿಲಿಸ್ಮೇ.

ಅಯ್ಯಾರರೂ ಹಾಗೇ. ಖತ್ರಿಯವರು ತಮ್ಮ ಮುನ್ನುಡಿಯಲ್ಲಿ ಅಯ್ಯಾರರ ಬಗ್ಗೆ ಬರೆದದ್ದನ್ನು ಆಮೇಲೆ ನಾನೇ ಓದಿದೆ. ರಾಜರ ನಡುವೆ ಜಗಳ ಬಂದರೆ ಇವರು ತಮ್ಮ ಚಾಲಾಕಿಯಿಂದ, ರಕ್ತ ಹರಿಸದೆ, ಸೈನಿಕರ ಜೀವ ಕಳೆಯದೆ ಮುಗಿಸಿಬಿಡುತ್ತಿದ್ದರು ಅನ್ನುತ್ತಾರೆ. ಎಂಥ ಮಾತು ನೋಡಿ! ಹಳೆಯ ಧಾರಾವಾಹಿಯಲ್ಲಿ ಕಾಗದದ ಕೋಟೆ ಇತ್ತು, ಕತ್ತಿ ಅಲ್ಲಾಡುತ್ತಿತ್ತು, ಗಡ್ಡದ ಅಂಟು ಕಾಣುತ್ತಿತ್ತು. ಆದರೆ ಒಬ್ಬ ಮನುಷ್ಯ ಇನ್ನೊಬ್ಬನನ್ನು ಬುದ್ಧಿಯಿಂದ ಸೋಲಿಸುವ ಗಮ್ಮತ್ತು ಇತ್ತು. ಇರ್ಫಾನ್ ಖಾನ್ ಅದರಲ್ಲಿ ಬದ್ರಿನಾಥ, ಸೋಮನಾಥ ಅಂತ ಎರಡು ಪಾತ್ರ ಮಾಡಿದ್ದರು. ಆಗ ಅವರ ಹೆಸರು ನಮಗ್ಯಾರಿಗೂ ಗೊತ್ತಿರಲಿಲ್ಲ. ಆ ಭಾರವಾದ ಕಣ್ಣು ಮಾತ್ರ ನೆನಪಿತ್ತು. ಈಗ ಇವನು ನಿಜ ಹೇಳುತ್ತಿದ್ದಾನೋ ಮೋಸ ಮಾಡುತ್ತಿದ್ದಾನೋ ಅಂತ ನಾವು ಆ ಕಣ್ಣನ್ನೇ ಹುಡುಕುತ್ತಿದ್ದೆವು. ಹೊಸದರಲ್ಲಿ ನಾನು ಯಾರ ಕಣ್ಣನ್ನೂ ಹಾಗೆ ಹುಡುಕಲಿಲ್ಲ. ಯಾರು ಕೆಟ್ಟವರು ಅನ್ನುವುದನ್ನು ಸಂಗೀತವೇ ಮೊದಲು ಹೇಳಿಬಿಡುತ್ತದೆ.

ಹೊಸದನ್ನು ಅರ್ಧದಲ್ಲಿ ನಿಲ್ಲಿಸಿ, ಒಂದು ರವಿವಾರ ಬೆಳಿಗ್ಗೆ ಮಗಳಿಗೆ ಹಳೆಯದನ್ನು ಹಚ್ಚಿಕೊಟ್ಟೆ. ಅಂತರ್ಜಾಲದಲ್ಲಿ ಸಿಗುವ ಕಂತುಗಳ ಚಿತ್ರ ಮಸುಕು, ಶಬ್ದ ಒಡೆಯುತ್ತದೆ. ಬಣ್ಣ ಇಳಿದುಹೋಗಿದೆ. ಇವಳು ಎದ್ದು ಹೋಗುತ್ತಾಳೆ ಅಂತಲೇ ಅಂದುಕೊಂಡೆ. ಹದಿನೈದು ನಿಮಿಷ ಆದಮೇಲೆ ಒಬ್ಬ ತನ್ನ ವೇಷ ಕಳಚಿದ. ಮಗಳು "ಏ ತಡಿ, ತಡಿ" ಅಂದು ರಿಮೋಟ್ ಕಸಿದುಕೊಂಡು ಹಿಂದೆ ಓಡಿಸಿದಳು. ಎರಡು ಸಲ, ಮೂರು ಸಲ. ಪರದೆಯ ಹತ್ತಿರ ಹೋಗಿ, ಮುಖವಾಡ ಕುತ್ತಿಗೆಗೆ ಎಲ್ಲಿ ಕೂಡಿದೆ ಅಂತ ಬೆರಳಿಟ್ಟು ಹುಡುಕಿದಳು. ಸಿಕ್ಕಿತು. ಸಿಕ್ಕದ್ದಕ್ಕೆ ಅವಳಿಗಾದ ಖುಷಿ ನೋಡಬೇಕಿತ್ತು.

ಹೊಸದನ್ನು ನೋಡಲೇಬೇಕು ಅನ್ನುವವರು ಇರಾವತಿಗಾಗಿ ನೋಡಿ, ಹತ್ತು ಕಂತು ಸಾಕು. ಮಕ್ಕಳಿಗೆ ತೋರಿಸುವುದಿದ್ದರೆ ಹಳೆಯದನ್ನೇ ತೋರಿಸಿ, ಫೋನಿನಲ್ಲಿ ಬೇಡ, ಟಿವಿಗೆ ಹಚ್ಚಿ. ಪಕ್ಕದಲ್ಲಿ ನೀವೂ ಕೂತಿರಿ, ಅವರು ಕೇಳುತ್ತಾರೆ. ಹಿಂದಿ ಓದಲು ಬರುವವರು ಕಾದಂಬರಿಯನ್ನೇ ತರಿಸಿಕೊಳ್ಳಿ. ಸಂಜೆ ಹೊತ್ತು, ಒಂದು ಗುಡ್ಡದ ಬುಡದ ಬಂಡೆ ಮೇಲೆ ವೀರೇಂದ್ರ ಮತ್ತು ಅವನ ಅಯ್ಯಾರ ತೇಜಸಿಂಹ ಮಾತಾಡುತ್ತ ಕೂತಿರುವಲ್ಲಿಂದ ಅದು ಶುರುವಾಗುತ್ತದೆ. ಭಾಷೆ ಸರಳ ಇದೆ, ನನ್ನಂಥವನಿಗೇ ಓದಲು ಬಂತು.

ನಾನು ಓದಿ ಮುಗಿಸಿದ್ದು ಕಳೆದ ತಿಂಗಳು. ಅದೇ ರಾತ್ರಿ ಜಮಖಂಡಿಗೆ, ಅಕ್ಕನಿಗೆ ಫೋನ್ ಹಚ್ಚಿದೆ. ಇಷ್ಟು ವರ್ಷ ಆದಮೇಲೆ ಕತೆ ಮುಗಿಯುವುದನ್ನು ಅವಳಿಗೆ ಹೇಳಬೇಕಿತ್ತು. ವೀರೇಂದ್ರನಿಗೂ ಚಂದ್ರಕಾಂತಾಳಿಗೂ ಮದುವೆ ಆಗುತ್ತದೆ, ತೇಜಸಿಂಹನಿಗೂ ಚಪಲಾಳಿಗೂ ಆಗುತ್ತದೆ ಅಂದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಕುಕ್ಕರಿನ ಸೀಟಿ ಕೇಳಿಸಿತು.

"ಮದುವಿ ಆದಮ್ಯಾಲೆ ಚಪಲಾ ಅಯ್ಯಾರಿ ಬಿಟ್ಟಳೇನು?" ಅಂತ ಕೇಳಿದಳು.

ಇಲ್ಲ, ‘ಚಂದ್ರಕಾಂತಾ ಸಂತತಿ’ ಅಂತ ಮುಂದಿನ ಕತೆ ಇದೆ, 24 ಭಾಗ, ಅದರಲ್ಲೂ ಅವಳಿದ್ದಾಳೆ ಅಂದೆ.

"ಹಂಗಾದ್ರ ಅದನ್ನೂ ಓದಾಕ ಹತ್ತು," ಅಂದಳು. "ದಿನಾ ರಾತ್ರಿ ಫೋನ್ ಮಾಡಿ ಹೇಳು."